ಬಾರ್ಸಿಲೋನಾದ ಬೆನ್ನಿಗೊಂದು ಕಾಡು: ಕೊಲ್ಸೆರೋಲಾದಲ್ಲಿ ನಡೆಯುವವರಿಗೆ ಸಮಗ್ರ ಮಾರ್ಗದರ್ಶಿ

ಅಮ್ಮ ಊರಿಂದ ಬಂದಿದ್ದಾಗ ಅವರನ್ನು ಕೊಲ್ಸೆರೋಲಾ ಕಾಡಿಗೆ ಕರೆದುಕೊಂಡು ಹೋಗಿದ್ದೆ. ಹತ್ತು ನಿಮಿಷ ನಡೆದ ಮೇಲೆ ಅಮ್ಮ ನಿಂತರು. ಸೀರೆಯ ಅಂಚು ಸ್ವಲ್ಪ ಎತ್ತಿ ಕಾಲು ನೋಡಿಕೊಂಡರು. "ಎಂತ ಕಾಡು ಮಾರಾಯ ಇದು, ಒಂದು ಇಂಬಳನೂ ಇಲ್ವಲ್ಲ!"

ತೀರ್ಥಹಳ್ಳಿ ಕಡೆಯವರಿಗೆ ಕಾಡು ಎಂದರೆ ಒದ್ದೆ. ಪಾಚಿ ಹಿಡಿದ ಕಲ್ಲು, ಕೊಳೆತ ಎಲೆ, ಜಾರಿಕೆ, ಇಂಬಳ. ಇಲ್ಲಿ ಕಾಡು ಎಂದರೆ ಒಣ. ಕಾಲಿಟ್ಟಲ್ಲೆಲ್ಲ ಪರಪರ ಸದ್ದು. ಗಿಡಕ್ಕೆ ಕೈ ತಾಗಿದರೆ ಕರ್ಪೂರದಂಥ ಘಮ. ಇಂಥ ಕಾಡಿನಲ್ಲಿ ನಡೆಯುವಾಗ ಮಲೆನಾಡಿನ ಅಭ್ಯಾಸಗಳಲ್ಲಿ ಅರ್ಧ ಕೆಲಸಕ್ಕೆ ಬರುತ್ತವೆ, ಇನ್ನರ್ಧವನ್ನು ತಲೆಕೆಳಗು ಮಾಡಿಕೊಳ್ಳಬೇಕು. ಯಾವುದು ಯಾವ ಅರ್ಧ ಅಂತ ಗೊತ್ತಾಗಲು ನನಗೆ ಎರಡು ಬೇಸಿಗೆ ಬೇಕಾಯಿತು.

ಬಾರ್ಸಿಲೋನಾಕ್ಕೆ ಓದಲು, ಕೆಲಸಕ್ಕೆ, ಸುಮ್ನೆ ಸುತ್ತಾಡಲು ಬರುವ ಕನ್ನಡಿಗರು ಸಗ್ರಾದಾ ಫಮೀಲಿಯಾ ನೋಡುತ್ತಾರೆ, ಕಡಲ ದಂಡೆಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಊರಿನ ಬೆನ್ನಿಗೇ ಹಸಿರು ಗುಡ್ಡಸಾಲು ಕಾಣುತ್ತಿದ್ದರೂ ಅತ್ತ ಹೋಗುವವರು ಕಡಿಮೆ. ಯೊಬ್ರೆಗಾತ್ ಮತ್ತು ಬೆಸೋಸ್ ಎಂಬ ಎರಡು ನದಿಗಳ ನಡುವೆ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಸಾಲು ಅದು. 8,000 ಹೆಕ್ಟೇರ್‌ಗೂ ಜಾಸ್ತಿ ಕಾಡು. 2010ರಲ್ಲಿ ಇದಕ್ಕೆ 'ನ್ಯಾಚುರಲ್ ಪಾರ್ಕ್' ಎಂಬ ಸ್ಥಾನ ಸಿಕ್ಕಿತು. ಅತಿ ಎತ್ತರದ ಜಾಗ ಟಿಬಿದಾಬೊ, 512 ಮೀಟರ್. ಕುಮಾರಪರ್ವತ ಹತ್ತಿದವರಿಗೆ ಈ ಅಂಕಿ ಕೇಳಿ ನಗು ಬರಬಹುದು. ನನಗೂ ಬಂದಿತ್ತು. ನಕ್ಕದ್ದಕ್ಕೆ ಜುಲೈ ತಿಂಗಳ ಒಂದು ಮಧ್ಯಾಹ್ನ ಸರಿಯಾಗಿ ದಂಡ ಕಟ್ಟಿದೆ. ಆ ಕಥೆ ಮುಂದೆ ಬರುತ್ತದೆ.

ಇಲ್ಲಿ ಹೇಳುವುದು ಒಂದೇ ದಾರಿ. ರೈಲು ಸ್ಟೇಷನ್‌ನಿಂದ ಹೊರಟು, ಓಕ್ ಕಾಡಿನ ನೆರಳಲ್ಲಿ ಒಂದು ಬುಗ್ಗೆಗೆ ಹೋಗಿ, ಅಲ್ಲಿಂದ ಟಿಬಿದಾಬೊ ಹತ್ತಿ, ಇನ್ನೊಂದು ಮೈಯಿಂದ ಇಳಿಯುವುದು. ನಿಧಾನವಾಗಿ, ನಿಂತು ನೋಡುತ್ತ, ಬುತ್ತಿ ಬಿಚ್ಚಿ ಉಂಡು ನಡೆದರೆ ನಾಲ್ಕರಿಂದ ಐದು ಗಂಟೆ. ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹಂತ 1: ತಿಂಗಳು ಆರಿಸಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕಡೆ ಮಳೆ ಬರುವುದು ಸೆಕೆಯ ಬೆನ್ನಿಗೆ. ಮೇ ತಿಂಗಳಲ್ಲಿ ಬೆಂದು, ಜೂನ್‌ನಲ್ಲಿ ನೆನೆಯುತ್ತೇವೆ. ಗಿಡ ಚಿಗುರಲು ಬೇಕಾದ ಬಿಸಿ, ನೀರು ಎರಡೂ ಒಟ್ಟಿಗೇ ಸಿಗುತ್ತವೆ. ಅದಕ್ಕೇ ಜುಲೈನಲ್ಲಿ ಮಲೆನಾಡು ಅಷ್ಟು ಸೊಕ್ಕಿ ಬೆಳೆಯುವುದು. ಮೆಡಿಟರೇನಿಯನ್ ಸೀಮೆಯಲ್ಲಿ ಇದು ಉಲ್ಟಾ. ಮಳೆ ಬೀಳುವುದು ಹೆಚ್ಚಾಗಿ ಶರತ್ಕಾಲದಲ್ಲಿ, ಆಮೇಲೆ ವಸಂತದಲ್ಲಿ. ಬೇಸಿಗೆ ಬಂತೆಂದರೆ ಬಿಸಿಲು ಮಾತ್ರ, ನೀರಿಲ್ಲ. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ 7,000 ಮೀರುತ್ತದೆ. ಅಂದರೆ ಇವರ ವರ್ಷದ ಮಳೆಯನ್ನು ಆಗುಂಬೆಯ ಜುಲೈ ಕೆಲವೇ ದಿನಗಳಲ್ಲಿ ಸುರಿದು ಬಿಸಾಕುತ್ತದೆ.

ಹಾಗಾಗಿ ಇಲ್ಲಿನ ಮರಗಳಿಗೆ ಕಷ್ಟಕಾಲ ಚಳಿಗಾಲವಲ್ಲ, ಬೇಸಿಗೆ. ಜುಲೈ, ಆಗಸ್ಟ್‌ನಲ್ಲಿ ಅವು ಎಲೆ ಬಿಗಿ ಹಿಡಿದು, ಇರುವ ನೀರನ್ನು ಉಳಿಸಿಕೊಂಡು ದಿನ ದೂಡುತ್ತವೆ. ನಡೆಯುವವರೂ ಅಷ್ಟೇ ಮಾಡುವುದು ಒಳ್ಳೆಯದು, ಮನೆಯಲ್ಲಿ.

ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಮೇ ನಡುವಿನವರೆಗೆ. ಜನವರಿಯಲ್ಲೂ ಹಗಲು 13-14 ಡಿಗ್ರಿ ಇರುತ್ತದೆ, ಹತ್ತುವಾಗ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಹಿತ. ನವೆಂಬರ್ ನನಗೆ ಅಚ್ಚುಮೆಚ್ಚು, ಯಾಕೆ ಅಂತ ಮರಗಳ ವಿಷಯ ಬಂದಾಗ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಹೂವು ಜಾಸ್ತಿ. ಬೇಸಿಗೆಯಲ್ಲೇ ಬಂದಿದ್ದೀರಿ, ಬೇರೆ ದಾರಿಯಿಲ್ಲ ಅಂತಾದರೆ ಬೆಳಿಗ್ಗೆ ಏಳಕ್ಕೆ ರೈಲು ಹತ್ತಿ, ಹತ್ತೂವರೆಯೊಳಗೆ ಮುಗಿಸಿ. ಬುಗ್ಗೆಯವರೆಗೆ ಹೋಗಿ ವಾಪಸ್ ಬನ್ನಿ, ಸಾಕು.

ನನ್ನ ಜುಲೈ ಕಥೆ ಇಷ್ಟೇ. 'ಐನೂರು ಮೀಟರ್ ಗುಡ್ಡ ತಾನೇ' ಅಂತ ಹನ್ನೊಂದು ಗಂಟೆಗೆ ಹೊರಟೆ, ಕೈಯಲ್ಲಿ ಅರ್ಧ ಲೀಟರ್ ಬಾಟಲಿ. ನೆರಳಿಲ್ಲದ ಅಗಲ ದಾರಿಯಲ್ಲಿ ನೀರು ಮುಗಿಯಿತು. ಸ್ವಲ್ಪ ಹೊತ್ತಿಗೆ ಬೆವರೂ ನಿಂತು, ಮೈ ಒಣಗಿದ ಹಾಗಾಗಿ ತಲೆ ಸುತ್ತತೊಡಗಿತು. ಸೈಕಲ್‌ನಲ್ಲಿ ಬಂದ ಅಜ್ಜನೊಬ್ಬ ಗಕ್ಕನೆ ನಿಂತು, ನನ್ನ ಮುಖ ನೋಡಿ, ಏನೂ ಕೇಳದೆ ತನ್ನ ಬಾಟಲಿ ಕೊಟ್ಟ. ಪುಣ್ಯಾತ್ಮ.

ಹಂತ 2: ಹಿಂದಿನ ರಾತ್ರಿ ಐದು ನಿಮಿಷ

ಹೊರಡುವ ಹಿಂದಿನ ರಾತ್ರಿ ಫೋನಿನಲ್ಲಿ ಮೂರು ವಿಷಯ ನೋಡಿಕೊಳ್ಳಿ.

ಒಂದು, ಕಾಳ್ಗಿಚ್ಚಿನ ಮಟ್ಟ. ಬಾರ್ಸಿಲೋನಾ ಇರುವ ಕತಲೋನಿಯಾ ಪ್ರಾಂತ್ಯದಲ್ಲಿ ಇದಕ್ಕೆ ಪ್ಲಾ ಆಲ್ಫಾ ಅನ್ನುತ್ತಾರೆ. 0ಯಿಂದ 4ರವರೆಗೆ ಮಟ್ಟಗಳಿವೆ, ಊರೂರಿಗೆ ಬೇರೆ ಬೇರೆ. ಕೆಳಗಿನ ಮಟ್ಟಗಳಿದ್ದರೆ ನಡೆಯಲು ತೊಂದರೆಯಿಲ್ಲ. 3 ಬಂದರೆ ಆ ದಿನ ಬಿಟ್ಟುಬಿಡಿ. 4 ಬಂದರೆ ಕಾಡಿನ ಪ್ರವೇಶವನ್ನೇ ಮುಚ್ಚಬಹುದು. ಬೆಂಕಿಯ ಬಗ್ಗೆ ಇನ್ನೊಂದು ನಿಯಮವೂ ಇದೆ: ಮಾರ್ಚ್ 15ರಿಂದ ಅಕ್ಟೋಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಸುತ್ತ 500 ಮೀಟರ್ ಒಳಗೆ ಬೆಂಕಿ ಹಚ್ಚುವಂತಿಲ್ಲ. ಚಿಕ್ಕ ಗ್ಯಾಸ್ ಒಲೆ ತಂದು ಚಹಾ ಕಾಯಿಸುವ ಆಸೆ ನನಗೂ ಇದೆ. ಫ್ಲಾಸ್ಕ್‌ನಲ್ಲಿ ತನ್ನಿ.

ಎರಡು, ಪಾರ್ಕ್ ತೆರೆದಿದೆಯೇ ಎಂಬುದು. ಇದು ಸುಮ್ನೆ ಹೇಳುವ ಮಾತಲ್ಲ. 2025ರ ನವೆಂಬರ್ ಕೊನೆಯಲ್ಲಿ ಈ ಗುಡ್ಡಗಳ ಉತ್ತರ ಮಗ್ಗುಲಿನ ಬೆಯಾತೆರ್ರಾ ಬಳಿ ಸತ್ತು ಬಿದ್ದಿದ್ದ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿಜ್ವರ ಪತ್ತೆಯಾಯಿತು. ಮನುಷ್ಯರಿಗೆ ಅದು ತಗುಲುವುದಿಲ್ಲ. ಆದರೆ ಸಾಕುಹಂದಿಗಳಿಗೆ ಹರಡಿದರೆ ರೈತರ ಬದುಕೇ ಮುಳುಗುತ್ತದೆ. ಬೂಟಿಗೆ ಮೆತ್ತಿದ ಮಣ್ಣಿನಲ್ಲಿ, ಯಾರೋ ಎಸೆದ ಹಂದಿಮಾಂಸದ ಚೂರಿನಲ್ಲಿ ಅದು ಊರಿಂದೂರಿಗೆ ಹೋಗಬಲ್ಲದು. ಹಾಗಾಗಿ ಕಾಡಿನೊಳಗೆ ಹೋಗಲು ನಿರ್ಬಂಧ ಹಾಕಿದರು. ಇಂಥ ನಿರ್ಬಂಧಗಳು ಬರುತ್ತವೆ, ಸಡಿಲವಾಗುತ್ತವೆ, ಮತ್ತೆ ಬಿಗಿಯಾಗುತ್ತವೆ. ಪಾರ್ಕಿನ ವೆಬ್‌ಸೈಟ್‌ನಲ್ಲಿ ಆ ದಿನದ ಸ್ಥಿತಿ ನೋಡಿಯೇ ಹೊರಡಿ. 'ತಂಕಾತ್' ಎಂಬ ಪದ ಕಂಡರೆ ಮುಚ್ಚಿದೆ ಎಂದರ್ಥ. ಆಗ ಕಡಲ ದಂಡೆಗೇ ಹೋಗಿ.

ಮೂರು, ಸೂರ್ಯ ಮುಳುಗುವ ಹೊತ್ತು. ಡಿಸೆಂಬರ್‌ನಲ್ಲಿ ಐದೂಕಾಲು, ಐದೂವರೆಗೆಲ್ಲ ಮುಳುಗಿಬಿಡುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂಕಾಲು ದಾಟುತ್ತದೆ. ನಮ್ಮೂರಿನಲ್ಲಿ ವರ್ಷವಿಡೀ ಆರರಿಂದ ಏಳರೊಳಗೆ ಕತ್ತಲಾಗುವುದು ನೋಡಿ ಬೆಳೆದ ನಮಗೆ ಈ ಲೆಕ್ಕ ಬೇಗ ತಲೆಗೆ ಹತ್ತುವುದಿಲ್ಲ.

ಹಂತ 3: ಚೀಲ

ನೀರು ಚಳಿಗಾಲದಲ್ಲಿ ತಲೆಗೆ ಒಂದು ಲೀಟರ್, ಬಿಸಿಲಿನ ದಿನ ಎರಡು. ಇದರಲ್ಲಿ ಚೌಕಾಸಿ ಬೇಡ. ಟೋಪಿ. ಚಿಕ್ಕ ಟಾರ್ಚ್. ಬ್ಯಾಂಡೇಜ್. ತುಂಬಿದ ಫೋನ್ ಬ್ಯಾಟರಿ.

ಬೂಟಿಗೆ ದುಡ್ಡು ಸುರಿಯಬೇಕಿಲ್ಲ. ಅಡಿಯಲ್ಲಿ ಹಲ್ಲು ಸವೆಯದ ಸ್ಪೋರ್ಟ್ಸ್ ಶೂ ಸಾಕು. ಮಲೆನಾಡಿನಲ್ಲಿ ನಾವು ಜಾರುವುದು ಪಾಚಿ ಮೇಲೆ. ಇಲ್ಲಿ ಜಾರುವುದು ಒಣ ಪೈನ್ ಎಲೆಗಳ ಮೇಲೆ, ಪುಡಿಪುಡಿ ಕಲ್ಲಿನ ಮೇಲೆ, ಅದೂ ಇಳಿಯುವಾಗ. ಹಿಮ್ಮಡಿ ಊರಿ, ಹೆಜ್ಜೆ ಚಿಕ್ಕದು ಮಾಡಿ ಇಳಿಯಿರಿ. ಚಡ್ಡಿಗಿಂತ ಪೂರ್ತಿ ಪ್ಯಾಂಟ್ ಒಳ್ಳೆಯದು. ಪೊದೆಗಳೆಲ್ಲ ಮುಳ್ಳು.

ಬುತ್ತಿಗೆ ಚಪಾತಿ ಸುರುಳಿ, ಮೊಸರಿಲ್ಲದ ಯಾವ ಅನ್ನವಾದರೂ ನಡೆಯುತ್ತದೆ. ನಾನು ನಿಂಬೆಹಣ್ಣಿನ ಚಿತ್ರಾನ್ನ ಒಯ್ಯುತ್ತೇನೆ. ಒಂದು ತುತ್ತು ಕೂಡ ಕಾಡಿನಲ್ಲಿ ಬಿಡಬೇಡಿ, ಬಾಳೆಹಣ್ಣಿನ ಸಿಪ್ಪೆಯನ್ನೂ. 'ಮಣ್ಣಾಗುತ್ತೆ ಬಿಡಿ' ಅನ್ನುವುದು ಮಲೆನಾಡಿಗೆ ಸರಿ. ಈ ಒಣ ನೆಲದಲ್ಲಿ ಅದು ಬೇಗ ಕೊಳೆಯುವುದಿಲ್ಲ, ಹಂದಿಗಳನ್ನು ಮಾತ್ರ ಕರೆಯುತ್ತದೆ.

ಹಂತ 4: ಸರಿಯಾದ ರೈಲು

ಊರ ನಡುವಿನ ಚೌಕ ಪ್ಲಾಸಾ ಕತಲುನ್ಯಾದಲ್ಲಿ ನೆಲದಡಿಯ ಎಫ್‌ಜಿಸಿ (ಕತಲೋನಿಯಾ ಸರ್ಕಾರದ ರೈಲು) ಸ್ಟೇಷನ್‌ಗೆ ಇಳಿಯಿರಿ. ಮೆಟ್ರೋ ಬೇರೆ, ಇದು ಬೇರೆ, ಬೋರ್ಡ್ ನೋಡಿಕೊಳ್ಳಿ. ಎಸ್1 ಅಥವಾ ಎಸ್2 ರೈಲು ಹತ್ತಿ, ಬಶದೋ ದೆ ವಾಲ್‌ವಿದ್ರೇರಾ ಎಂಬಲ್ಲಿ ಇಳಿಯಬೇಕು. ಕಾಲು ಗಂಟೆಯ ಮೇಲೆ ಸ್ವಲ್ಪ. ಹತ್ತು ಪ್ರಯಾಣದ ಟಿ-ಕಾಶುವಲ್ ಕಾರ್ಡ್ ಇಲ್ಲಿಗೂ ನಡೆಯುತ್ತದೆ, ಒಂದನೇ ವಲಯದ್ದೇ ಸಾಕು. ಆದರೆ ಆ ಕಾರ್ಡ್ ಒಬ್ಬರಿಗೆ ಮಾತ್ರ. ಒಂದೇ ಕಾರ್ಡ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುವಂತಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಇದೇ ಸ್ಟೇಷನ್‌ನಿಂದ ಎಲ್7 ಎಂಬ ರೈಲೂ ಹೊರಡುತ್ತದೆ. ಅದರ ಮೇಲೆ 'ಆವಿಂಗುದಾ ಟಿಬಿದಾಬೊ' ಅಂತ ಬರೆದಿರುತ್ತದೆ. ಟಿಬಿದಾಬೊಗೆ ಹೋಗುವವರು ಟಿಬಿದಾಬೊ ಅಂತ ಬರೆದ ರೈಲು ಹತ್ತುವುದು ಸಹಜ, ಅಲ್ವಾ? ನಾನೂ ಹತ್ತಿದೆ. ಅದು ಗುಡ್ಡದ ಬುಡದ ಬೀದಿಯಲ್ಲಿ ಇಳಿಸಿಬಿಡುತ್ತದೆ, ಕಾಡು ಎಲ್ಲೂ ಇಲ್ಲ. ಎಲ್6 ಕೂಡ ಬೇಡ, ಅದು ಸರ್ರಿಯಾದಲ್ಲೇ ನಿಂತುಬಿಡುತ್ತದೆ. 'ಎಸ್' ಅಕ್ಷರ ನೋಡಿ ಹತ್ತಿ.

ಪಯಣದ ಕೊನೆಯಲ್ಲಿ ರೈಲು ಗುಡ್ಡದೊಳಗಿನ ಸುರಂಗ ದಾಟುತ್ತದೆ. ಹೊರಗೆ ಬಂದಾಗ ಊರು ಮಾಯ, ಎರಡೂ ಕಡೆ ಮರ. ಎಷ್ಟು ಸಲ ಹೋದರೂ ಆ ಕ್ಷಣ ಕಿಟಕಿಯ ಹೊರಗೆ ನೋಡುತ್ತೇನೆ.

ಹಂತ 5: ಮೆಟ್ಟಿಲು, ಕವಿಯ ಮನೆ, ನಕ್ಷೆ

ಸ್ಟೇಷನ್ ಪಕ್ಕದಲ್ಲೇ ಮೆಟ್ಟಿಲುಗಳಿವೆ. ಹತ್ತು ನಿಮಿಷ ಹತ್ತಿದರೆ ವಿಲಾ ಜೊವಾನ ಎಂಬ ದೊಡ್ಡ ಹಳೆಯ ಮನೆ. ಕತಲಾನ್ ಭಾಷೆಯ ದೊಡ್ಡ ಕವಿ ಜಾಸಿಂತ್ ವೆರ್ದಗೇರ್ ತೀರಿಕೊಂಡದ್ದು ಈ ಮನೆಯಲ್ಲಿ, 1902ರ ಜೂನ್ 10ರಂದು. ಈಗ ಮ್ಯೂಸಿಯಂ. ಕುಪ್ಪಳಿಗೆ ಹೋಗಿ ಬಂದವರಿಗೆ ಕಾಡಿನ ನಡುವೆ ಕವಿಯ ಮನೆ ಎಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಸ್ವಲ್ಪ ಮೇಲೆ ಪಾರ್ಕಿನ ಮಾಹಿತಿ ಕೇಂದ್ರ. ಇಲ್ಲಿ ಮೂರು ಕೆಲಸ ಮುಗಿಸಿ: ಶೌಚಾಲಯ, ಕಾಫಿ, ನಕ್ಷೆ. ಕೌಂಟರ್‌ನಲ್ಲಿರುವವರನ್ನು 'ಇವತ್ತು ಯಾವ ದಾರಿ ಮುಚ್ಚಿದೆ?' ಅಂತ ಕೇಳಿ. ಮರ ಬಿದ್ದಿರುವುದು, ಹಂದಿ ಬೇಟೆ ನಡೆಯುತ್ತಿರುವುದು ಅವರಿಗೆ ಗೊತ್ತಿರುತ್ತದೆ. ಕೇಂದ್ರ ಬೆಳಗಿನ ಹೊತ್ತಿನದು, ಸಂಜೆ ಬಂದರೆ ಬೀಗ ನೋಡಿ ಹೋಗಬೇಕಾದೀತು.

ನಕ್ಷೆ ಕಾಗದದ್ದೇ ಇರಲಿ. ಎದಿತೋರಿಯಲ್ ಆಲ್ಪಿನಾದವರ ನಕ್ಷೆ ಚೆನ್ನಾಗಿದೆ. ಫೋನ್‌ನಲ್ಲಿ ವಿಕಿಲಾಕ್ ಇಟ್ಟುಕೊಳ್ಳಿ, ಆದರೆ ಅದರಲ್ಲಿ ಕಂಡವರೆಲ್ಲ ಹಾಕಿದ ದಾರಿಗಳಿರುತ್ತವೆ. ಎಷ್ಟೋ ದಾರಿಗಳು ಖಾಸಗಿ ಜಮೀನಿನೊಳಗೆ ಹಾದುಹೋಗುತ್ತವೆ. ಈ ಪಾರ್ಕಿನ ಬಹುಪಾಲು ನೆಲ ಖಾಸಗಿಯವರದ್ದೇ. ಸರಪಳಿ ಕಟ್ಟಿದ್ದರೆ ದಾಟಬೇಡಿ.

ಹಂತ 6: ಬುಗ್ಗೆಯವರೆಗೆ, ಮರ ನೋಡುತ್ತ

ಮಾಹಿತಿ ಕೇಂದ್ರದಿಂದ 'ಫೋಂಟ್ ದೆ ಲಾ ಬುದೆಯೇರಾ' ಎಂಬ ಕೈಕಂಬ ಹಿಡಿದು ಹೊರಡಿ. ಸುಮ್ಮನೆ ನಡೆದರೆ ಅರ್ಧ ಗಂಟೆ. ನಾನು ಒಂದು ಗಂಟೆ ಮಾಡುತ್ತೇನೆ.

ಮೊದಲು ಸಿಗುವುದು ಅಲ್ಸಿನಾ, ಹೋಮ್ ಓಕ್. ಯುರೋಪಿನ ಓಕ್ ಎಂದರೆ ಚಳಿಗಾಲಕ್ಕೆ ಎಲೆ ಉದುರಿಸುವ ಮರ ಅಂತ ಓದಿದ್ದೆವು. ಇದು ಉದುರಿಸುವುದಿಲ್ಲ. ಒಂದು ಎಲೆ ಕೈಗೆ ತೆಗೆದುಕೊಳ್ಳಿ, ನೆಲದ ಮೇಲೆ ಬಿದ್ದದ್ದು ಸಾಕು. ಹೆಬ್ಬೆರಳಿನಷ್ಟು ಚಿಕ್ಕದು. ಮೇಲ್ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಡು ಹಸಿರು, ಬಿಸಿಲು ಹೊಡೆದು ವಾಪಸ್ ಹೋಗಲಿ ಅಂತ. ತಿರುಗಿಸಿದರೆ ಅಡಿಯಲ್ಲಿ ಬೂದು ಬಣ್ಣದ ನವಿರಾದ ರೋಮ. ಎಲೆ ಉಸಿರಾಡುವ ರಂಧ್ರಗಳು ಆ ರೋಮದ ಕಂಬಳಿಯಡಿ ಅಡಗಿರುತ್ತವೆ, ಒಣಗಾಳಿ ನೀರು ಕಸಿಯದಿರಲಿ ಅಂತ. ಮಡಚಿ ನೋಡಿ, ಬಾಗುವುದಿಲ್ಲ, ಲಟಕ್ ಅಂತ ಮುರಿಯುತ್ತದೆ. ಈ ಸೀಮೆಯ ಬೇಸಿಗೆ ಎಂಥದ್ದು ಅಂತ ಆ ಒಂದು ಎಲೆ ನೋಡಿದರೆ ಗೊತ್ತಾಗುತ್ತದೆ.

ಬಿಸಿಲು ಬೀಳುವ ಮಗ್ಗುಲಿಗೆ ಬಂದರೆ ಅಲೆಪ್ಪೊ ಪೈನ್ ಜಾಸ್ತಿ. ಗಾಳಿ ಬೀಸಿದರೆ ನಮ್ಮ ಕರಾವಳಿಯ ಗಾಳಿಮರದ್ದೇ ಸುಯ್ಯೆನ್ನುವ ಸದ್ದು. ಅದರ ಬುಡದಲ್ಲಿ ನೆಲ ಗಮನಿಸಿ. ಕೆಲವು ಕಡೆ ಕಲ್ಲು ಜೋಡಿಸಿದ ಕಟ್ಟೆಗಳು, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಇಷ್ಟು ದಟ್ಟ ಕಾಡಿನೊಳಗೆ ಕಟ್ಟೆ ಯಾರು ಕಟ್ಟಿದರು? ಇಲ್ಲೆಲ್ಲ ಹಿಂದೆ ದ್ರಾಕ್ಷಿ ತೋಟಗಳಿದ್ದವು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಕೀಟ ಬಳ್ಳಿಗಳ ಬೇರು ತಿಂದು ತೋಟಗಳನ್ನು ನೆಲಸಮ ಮಾಡಿತು. ಪಾಳುಬಿದ್ದ ಜಾಗಕ್ಕೆ ಪೈನ್ ನುಗ್ಗಿತು. ನೀವು ನಡೆಯುತ್ತಿರುವ ಕಾಡಿನ ಒಂದು ಪಾಲು ನೂರು ಚಿಲ್ಲರೆ ವರ್ಷದ ಕೆಳಗೆ ಯಾರದೋ ತೋಟ.

ನವೆಂಬರ್ ಯಾಕೆ ಇಷ್ಟ ಅಂತ ಹೇಳುತ್ತೇನೆ ಅಂದಿದ್ದೆ. ಅರ್ಬೋಸ್ ಎಂಬ ಮರದಿಂದಾಗಿ. ಇಂಗ್ಲಿಷ್‌ನವರು ಸ್ಟ್ರಾಬೆರಿ ಟ್ರೀ ಅನ್ನುತ್ತಾರೆ, ರುಚಿಯಲ್ಲಿ ಸ್ಟ್ರಾಬೆರಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಕಾಯಿ ಹಣ್ಣಾಗಲು ಒಂದು ವರ್ಷ ಹಿಡಿಯುತ್ತದೆ. ಹಾಗಾಗಿ ಹೋದ ವರ್ಷದ ಹೂವಿನ ಹಣ್ಣು, ಈ ವರ್ಷದ ಹೊಸ ಹೂವು ಎರಡೂ ಒಂದೇ ಕೊಂಬೆಯಲ್ಲಿ ಒಟ್ಟಿಗೆ ಇರುತ್ತವೆ. ಗುಂಡಗೆ ಕೆಂಪು ಹಣ್ಣು, ಪಕ್ಕದಲ್ಲೇ ಪುಟ್ಟ ಮಡಕೆಯಂಥ ಬಿಳಿ ಹೂವಿನ ಗೊಂಚಲು. ಚೆನ್ನಾಗಿ ಕಳಿತ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡರೆ ಸಿಹಿ, ಮರಳು ಮರಳು. ಜಾಸ್ತಿ ಕಳಿತದ್ದು ಮರದಲ್ಲೇ ಹುಳಿತು ಹೆಂಡದ ವಾಸನೆ ಹೊಡೆಯುತ್ತದೆ. ಗುರುತು ನೂರಕ್ಕೆ ನೂರು ಗ್ಯಾರಂಟಿ ಇಲ್ಲದಿದ್ದರೆ ಯಾವ ಹಣ್ಣನ್ನೂ ಬಾಯಿಗಿಡಬೇಡಿ.

ಸೊಂಟದೆತ್ತರಕ್ಕೆ ಬೆಳೆಯುವ ಯೆಂತಿಸ್ಕ್ಲೆ ಎಂಬ ಪೊದೆಯೂ ಸಿಗುತ್ತದೆ. ಎಲೆ ಉಜ್ಜಿ ಮೂಸಿ. ಅಮ್ಮನಿಗೆ ಕೊಟ್ಟಾಗ, "ಮಾವಿನ ಸೊನೆ ಇದ್ದ ಹಾಗೆ ಉಂಟಲ್ಲ" ಅಂದರು. ಮನೆಗೆ ಹೋಗಿ ನೋಡಿದರೆ ಅಮ್ಮನ ಮೂಗು ಸುಳ್ಳು ಹೇಳಿರಲಿಲ್ಲ. ಅದು ಮಾವು, ಗೇರು ಇರುವ ಕುಟುಂಬದ್ದೇ ಗಿಡ. ಮುಳ್ಳಿನ ಬಳ್ಳಿಯೊಂದು ಮಾತ್ರ ಎಲ್ಲದಕ್ಕೂ ಸುತ್ತಿಕೊಂಡು, ಹೃದಯದಾಕಾರದ ಎಲೆ ಬಿಟ್ಟು, ಪ್ಯಾಂಟ್ ಹಿಡಿದೆಳೆಯುತ್ತದೆ. ಅದರ ಹೆಸರು ಅರೀಜುಲ್. ಒಮ್ಮೆ ಹಂದಿ ಓಡಾಡಿದ ಜಾಡನ್ನು ಕಾಲುದಾರಿ ಅಂದುಕೊಂಡು ಒಳಗೆ ಹೋಗಿ, ಇದರ ಬಲೆಯಿಂದ ಬಿಡಿಸಿಕೊಳ್ಳಲು ಅರ್ಧ ಗಂಟೆ ಒದ್ದಾಡಿದ್ದೇನೆ.

ಬುಗ್ಗೆಯ ಹತ್ತಿರ ನೆರಳು ದಟ್ಟ, ಕೂರಲು ಕಲ್ಲುಕಟ್ಟೆ. ನೀರು ಸಣ್ಣಗೆ ಹರಿಯುತ್ತಿರುತ್ತದೆ, ಬರಗಾಲದ ವರ್ಷಗಳಲ್ಲಿ ಇನ್ನೂ ಸಣ್ಣಗೆ. ಬಾಟಲಿ ತುಂಬಿಸಿಕೊಳ್ಳುವ ಊರಿನವರನ್ನೂ ನೋಡಬಹುದು. ನೀವು ತುಂಬಿಸಬೇಡಿ. ಇಂಥ ಬುಗ್ಗೆಗಳ ನೀರಿಗೆ ಕ್ಲೋರಿನ್ ಹಾಕುವುದಿಲ್ಲ, ಕುಡಿಯಲು ಯೋಗ್ಯ ಎಂಬ ಖಾತ್ರಿ ಇಲ್ಲ. ಮುಖ ತೊಳೆದುಕೊಳ್ಳಿ, ಬುತ್ತಿ ಬಿಚ್ಚಿ.

ಹಂತ 7: ಟಿಬಿದಾಬೊ ಏರು

ಬುಗ್ಗೆಯಿಂದ ಮುಂದೆ ಇಡೀ ದಿನದ ಕಡಿದಾದ ಭಾಗ. ಅರ್ಧ ಗಂಟೆ ಏದುಸಿರು ಬಿಟ್ಟರೆ ಗುಡ್ಡದ ನೆತ್ತಿಯ ರಸ್ತೆ ಸಿಗುತ್ತದೆ. ದಿಕ್ಕಿಗೆ ಕೊಲ್ಸೆರೋಲಾ ಗೋಪುರವೇ ಗುರುತು. ನಾರ್ಮನ್ ಫೋಸ್ಟರ್ ವಿನ್ಯಾಸ ಮಾಡಿದ 288 ಮೀಟರ್ ಎತ್ತರದ ದೂರಸಂಪರ್ಕ ಗೋಪುರ ಅದು, 1992ರ ಒಲಿಂಪಿಕ್ಸ್ ಹೊತ್ತಿಗೆ ಎದ್ದದ್ದು. ಮರಗಳ ಸಂದಿಯಲ್ಲಿ ಅದು ಕಂಡರೆ ನೀವು ಸರಿಯಾಗಿಯೇ ಇದ್ದೀರಿ.

ಟಿಬಿದಾಬೊ ತುದಿ ನನಗೆ ಅಷ್ಟೇನೂ ಇಷ್ಟವಿಲ್ಲ. ಚರ್ಚ್ ಇದೆ, ಜಾತ್ರೆಯಂಥ ಹಳೆಯ ಅಮ್ಯೂಸ್‌ಮೆಂಟ್ ಪಾರ್ಕ್ ಇದೆ, ಐಸ್‌ಕ್ರೀಂ ದುಬಾರಿ. ಆದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದೂರದಲ್ಲಿ ಗರಗಸದ ಹಲ್ಲಿನಂಥ ಮೊಂತ್ಸೆರ್ರಾತ್ ಬೆಟ್ಟ ಕಾಣುವ ಜಾಗ ಬೇರೆಲ್ಲಿ ಸಿಗುತ್ತದೆ? ಹತ್ತು ನಿಮಿಷ ನಿಂತು ನೋಡಿ, ಹೊರಡಿ.

ಹಂತ 8: ಇಳಿಯುವುದು

ಟಿಬಿದಾಬೊದಿಂದ ಗೋಪುರದ ಪಕ್ಕದಲ್ಲಿ ಹಾದು ವಾಲ್‌ವಿದ್ರೇರಾ ಊರಿಗೆ ಬನ್ನಿ. ಮುಕ್ಕಾಲು ಗಂಟೆ ಹಿಡಿದುಕೊಳ್ಳಿ. ಕಾಲು ಸೋತಿದ್ದರೆ 111 ನಂಬರಿನ ಬಸ್ ಇದೆ. ಊರಿನ ಅಂಚಿನಲ್ಲಿ 1906ರ ಫ್ಯೂನಿಕ್ಯುಲರ್, ಅಂದರೆ ಹಗ್ಗ ಕಟ್ಟಿ ಎಳೆಯುವ ರೈಲು. ನಿಮ್ಮ ಅದೇ ಕಾರ್ಡ್ ಇಲ್ಲೂ ನಡೆಯುತ್ತದೆ.

ನೇರ ಕೆಳಗೆ ಇಳಿದುಬಿಡಬೇಡಿ. ನಡುವೆ 'ಕರ್ರೆತೇರಾ ದೆ ಲೆಸ್ ಆಯ್ಗುವೆಸ್' ಎಂಬ ನಿಲ್ದಾಣವಿದೆ. ಬಟನ್ ಒತ್ತಿದರೆ ಮಾತ್ರ ಅಲ್ಲಿ ನಿಲ್ಲುತ್ತದೆ. ಒತ್ತದೆ ಕೂತರೆ ಸೀದಾ ಬುಡಕ್ಕೆ. ಹೆಸರಿನ ಅರ್ಥ 'ನೀರಿನ ರಸ್ತೆ', ಹಿಂದೆ ನೀರಿನ ಕೊಳವೆ ಹೋಗುತ್ತಿದ್ದ ದಾರಿ. ಈಗ ಗುಡ್ಡದ ಹೊಟ್ಟೆಗೆ ಸುತ್ತಿದ ಉಡಿದಾರದ ಹಾಗೆ ಕಿಲೋಮೀಟರ್‌ಗಟ್ಟಲೆ ಸಪಾಟಾಗಿ ಹೋಗುವ ಮಣ್ಣುರಸ್ತೆ. ಇಡೀ ಬಾರ್ಸಿಲೋನಾ ಕಾಲಡಿ. ಅರ್ಧ ಗಂಟೆ ಹೋಗಿ, ತಿರುಗಿ ಬಂದು, ಮತ್ತೆ ಫ್ಯೂನಿಕ್ಯುಲರ್ ಹಿಡಿಯಿರಿ. ನಾನು ಜುಲೈನಲ್ಲಿ ಒಣಗಿದ್ದು ಇಲ್ಲಿಯೇ. ಸಂಜೆ ಹೊತ್ತಿಗೆ ಮಾತ್ರ ಬನ್ನಿ. ಬಲಗಡೆ ಅಂಚಿನಲ್ಲಿ ನಡೆಯಿರಿ, ಸೈಕಲ್‌ಗಳು ಬರುತ್ತಿರುತ್ತವೆ. ಮೂರು ಮೀಟರ್‌ಗಿಂತ ಅಗಲದ ದಾರಿಯಲ್ಲಿ ಮಾತ್ರ, ಗಂಟೆಗೆ 20 ಕಿಲೋಮೀಟರ್ ವೇಗದೊಳಗೆ ಅಂತ ಅವರಿಗೆ ನಿಯಮವಿದೆ. ಪಾಲಿಸುವವರೂ ಇದ್ದಾರೆ.

ದಾರಿ ಗುರುತು, ದಾರಿ ತಪ್ಪಿದರೆ

ಕಂಬ, ಕಲ್ಲು, ಮರದ ಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ಬಿಳಿ ಕೆಂಪು ಇದ್ದರೆ ದೂರದ ದಾರಿ. ಕಡಲಂಚಿನ ಜಿಆರ್ 92 ಈ ಗುಡ್ಡದ ಮೇಲೇ ಹೋಗುತ್ತದೆ. ಬಿಳಿ ಹಳದಿ ಮಧ್ಯಮ, ಬಿಳಿ ಹಸಿರು ಊರಿನ ಸುತ್ತಿನದು. ಎರಡು ಪಟ್ಟಿ ಕತ್ತರಿ ಹಾಕಿದ್ದರೆ 'ಈ ಕಡೆ ಅಲ್ಲ' ಅಂತ.

ಕಾಲು ಗಂಟೆ ನಡೆದರೂ ಒಂದು ಗುರುತೂ ಕಾಣದಿದ್ದರೆ ಕೊನೆಯ ಗುರುತಿನವರೆಗೆ ವಾಪಸ್ ಬನ್ನಿ. ಕೆಳಗೆ ಊರು ಕಾಣುತ್ತಿದೆ ಅಂತ ಹಳ್ಳ ಹಿಡಿದು ಇಳಿಯಬೇಡಿ, ಹಳ್ಳದ ತುಂಬ ಆ ಮುಳ್ಳಿನ ಬಳ್ಳಿಯೇ. ಎದುರು ಬಂದವರಿಗೆ 'ಬೋನ್ ದಿಯಾ' ಅನ್ನಿ. ಕಾಡಿನಲ್ಲಿ ಎಲ್ಲರೂ ಅನ್ನುತ್ತಾರೆ, ಕೇಳಿದರೆ ದಾರಿಯನ್ನೂ ಹೇಳುತ್ತಾರೆ. ತುರ್ತಿಗೆ 112.

ಹಂದಿ, ಕಂಬಳಿಹುಳ, ಉಣುಗು

ಕಾಡುಹಂದಿಗೆ ಇಲ್ಲಿ ಸೆಂಗ್ಲಾರ್ ಅನ್ನುತ್ತಾರೆ. ಮನುಷ್ಯರ ಭಯ ಹೋಗಿದೆ, ರಾತ್ರಿ ಊರಿನ ಬೀದಿಗೂ ಬರುತ್ತವೆ. ಪ್ಲಾಸ್ಟಿಕ್ ಚೀಲದ ಸದ್ದು ಅವಕ್ಕೆ ಊಟದ ಗಂಟೆ ಇದ್ದ ಹಾಗೆ. ಎದುರಾದರೆ ನಿಲ್ಲಿ, ಅವು ಹೋಗಲು ಜಾಗ ಬಿಡಿ, ಮರಿಗಳಿದ್ದರೆ ಇನ್ನೂ ದೂರ ಸರಿಯಿರಿ. ತಿಂಡಿ ಹಾಕುವುದು ಕಾನೂನಿಗೆ ವಿರುದ್ಧ. ಸತ್ತ ಹಂದಿ ಕಂಡರೆ ಹತ್ತಿರ ಹೋಗದೆ 112ಕ್ಕೆ ತಿಳಿಸಿ. ಶರತ್ಕಾಲ, ಚಳಿಗಾಲದಲ್ಲಿ ಕೆಲವು ಕಡೆ 'ಬತೂದಾ' ಎಂಬ ಬೋರ್ಡ್ ಇಟ್ಟಿರುತ್ತಾರೆ. ಬಂದೂಕು ಹಿಡಿದು ಹಂದಿ ಸೋಹುತ್ತಿದ್ದಾರೆ ಎಂದರ್ಥ. ಆ ದಾರಿ ಬಿಟ್ಟು ಬೇರೆ ಹಿಡಿಯಿರಿ.

ಹಂದಿಗಿಂತ ನನಗೆ ಕಂಬಳಿಹುಳದ ಭಯ ಜಾಸ್ತಿ. ಚಳಿಗಾಲದಲ್ಲಿ ಪೈನ್ ಮರದ ತುದಿಯಲ್ಲಿ ಹತ್ತಿ ಉಂಡೆಯಂಥ ಬಿಳಿ ಗೂಡುಗಳು ಕಾಣುತ್ತವೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹುಳಗಳು ಇಳಿದು, ಒಂದರ ಬಾಲಕ್ಕೆ ಇನ್ನೊಂದು ತಲೆ ತಾಗಿಸಿ, ಶಾಲೆ ಮಕ್ಕಳ ಸಾಲಿನ ಹಾಗೆ ದಾರಿ ದಾಟುತ್ತವೆ. ಮಕ್ಕಳಿಗೆ ಕಡ್ಡಿಯಿಂದ ಮುಟ್ಟುವ ಆಸೆಯಾಗುತ್ತದೆ. ಬಿಡಬೇಡಿ. ಆ ರೋಮ ಗಾಳಿಯಲ್ಲಿ ಹಾರಿ ಕಣ್ಣಿಗೆ, ಚರ್ಮಕ್ಕೆ ಬಿದ್ದರೆ ಉರಿ, ದದ್ದು. ನಾಯಿ ನೆಕ್ಕಿದರೆ ನಾಲಿಗೆಗೇ ಕುತ್ತು.

ಉಣುಗಿನ ಬಗ್ಗೆ ಶಿವಮೊಗ್ಗ ಜಿಲ್ಲೆಯವರಿಗೆ ಪಾಠ ಬೇಡ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡಾಗಿನಿಂದ ನಾವು ಅದರ ಹೆಸರಿಗೇ ಬೆಚ್ಚುತ್ತೇವೆ. ಆ ಕಾಯಿಲೆ ಇಲ್ಲಿಲ್ಲ. ಆದರೆ ಉಣುಗು ಇದೆ, ಅದರಿಂದ ಬರುವ ಮೆಡಿಟರೇನಿಯನ್ ಚುಕ್ಕೆ ಜ್ವರವೂ ಇದೆ. ದಾರಿಯ ನಡುವೆ ನಡೆಯಿರಿ, ಹುಲ್ಲಿನಲ್ಲಿ ಹೊರಳಬೇಡಿ. ಕಚ್ಚಿ ಹಿಡಿದಿದ್ದರೆ ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಚಿಮ್ಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಿರಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ, ಮೈಮೇಲೆ ಚುಕ್ಕೆ, ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಂಡರೆ ಡಾಕ್ಟರ್ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ.

ಹೊಗೆ ಕಂಡರೆ

ಫೋಟೋ ತೆಗೆಯುತ್ತ ನಿಲ್ಲಬೇಡಿ. 112ಕ್ಕೆ ಕರೆ ಮಾಡಿ, ಹತ್ತಿರದ ಕೈಕಂಬದಲ್ಲಿ ಬರೆದ ಹೆಸರು ಓದಿ ಹೇಳಿ. ಬೆಂಕಿ ಗುಡ್ಡದ ಮೇಲ್ಮುಖವಾಗಿ ಬಹಳ ಬೇಗ ಓಡುತ್ತದೆ, ನೀವು ಹತ್ತುವುದಕ್ಕಿಂತ ಬೇಗ. ಹಾಗಾಗಿ ಬೆಂಕಿಯ ಮೇಲ್ಗಡೆ ಸಿಕ್ಕಿಕೊಳ್ಳಬೇಡಿ. ಗಾಳಿ ಹೊಗೆಯನ್ನು ಯಾವ ಕಡೆ ತಳ್ಳುತ್ತಿದೆ ನೋಡಿ, ಅದಕ್ಕೆ ಅಡ್ಡಲಾಗಿ ಸರಿದು, ಅಗಲ ರಸ್ತೆಯೋ ಬಯಲೋ ಸೇರಿಕೊಳ್ಳಿ. ಪೊದೆ ತುಂಬಿದ ಕಣಿವೆಗೆ ಮಾತ್ರ ಇಳಿಯಬೇಡಿ.

ಮನೆಗೆ ಬಂದ ಮೇಲೆ

ಬೂಟನ್ನು ಬಾಗಿಲ ಹೊರಗೇ ಬಿಡಿ. ಹಳೆಯ ಟೂತ್‌ಬ್ರಷ್‌ನಿಂದ ಅಡಿಯ ಮಣ್ಣು ಕೆರೆದು ಕಸದ ಚೀಲಕ್ಕೆ ಹಾಕಿ, ಸೋಪು ನೀರಲ್ಲಿ ತೊಳೆದು ಬಿಸಿಲಿಗಿಡಿ. ಹಂದಿಜ್ವರದ ಸುದ್ದಿ ಬಂದ ಮೇಲೆ ಇದು ನನ್ನ ಖಾಯಂ ಅಭ್ಯಾಸ. ಬಟ್ಟೆ ಸೀದಾ ವಾಷಿಂಗ್ ಮೆಷಿನ್‌ಗೆ. ಆಮೇಲೆ ಮೊಣಕಾಲ ಹಿಂದೆ, ಸೊಂಟದ ಸುತ್ತ, ಕಿವಿಯ ಹಿಂದೆ ಉಣುಗು ಇದೆಯಾ ನೋಡಿಕೊಳ್ಳಿ. ಅಮ್ಮ ಅವತ್ತು ಸೋಫಾ ಮೇಲೆ ಕೂತು ಸೀರೆಯ ಒಂದೊಂದು ನೆರಿಗೆಯನ್ನೂ ಬಿಡಿಸಿ ಹುಡುಕಿದರು. ಉಣುಗು ಸಿಗಲಿಲ್ಲ. ಯೆಂತಿಸ್ಕ್ಲೆಯ ನಾಲ್ಕು ಎಲೆ ಸಿಕ್ಕವು, ಅಲ್ಲೇ ಕೂತು ಮತ್ತೊಮ್ಮೆ ಉಜ್ಜಿ ಮೂಸಿದರು.